ಹಿಮ ಬೀಳದ ಊರಿನ ದೇವರಾಜು

ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನಲ್ಲಿ ಡಿಸೆಂಬರ್ ತಿಂಗಳ ಬಿಸಿಲು ಕಂಡು ಹಲ್ಲು ಕಡಿಯುತ್ತಿದ್ದ ಮನುಷ್ಯ ಎಂದರೆ ದೇವರಾಜು ಒಬ್ಬನೇ ಇರಬೇಕು. ಮಿಕ್ಕವರೆಲ್ಲ ಆ ಬಿಸಿಲಿಗೆಂದೇ ಅಲ್ಲಿಗೆ ಬಂದವರು. ಮನೆ ಬಾಡಿಗೆ ಕೈಗೆಟುಕದಿದ್ದರೂ, ಅರ್ಧ ಆಯುಷ್ಯ ಫ್ರೀವೇಯಲ್ಲೇ ಕಳೆದುಹೋದರೂ, "ಆದ್ರೆ ವೆದರು ನೋಡ್ರೀ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವ ಜನ. ಕ್ರಿಸ್‌ಮಸ್ಸಿನ ಹಿಂದಿನ ದಿನ ಅರ್ಧ ತೋಳಿನ ಅಂಗಿ ತೊಟ್ಟು ಹಿತ್ತಲಲ್ಲಿ ಕೋಳಿ ಸುಡುತ್ತಿದ್ದ ಪಕ್ಕದ ಮನೆಯವನು ಬೇಲಿಯಾಚೆಯಿಂದ "ಬ್ಯೂಟಿಫುಲ್ ಡೇ!" ಎಂದು ಕೂಗಿದರೆ ದೇವರಾಜುವಿಗೆ ಯಾರೋ ಬೈದ ಹಾಗಾಗುತ್ತಿತ್ತು. ಒಲ್ಲದ ಮನಸ್ಸಿನಿಂದ ಕೈಯೆತ್ತಿ, ಒಳಗೆ ಬಂದು ಹೆಂಡತಿಯ ಮುಂದೆ ಗೊಣಗುತ್ತಿದ್ದ.

"ಇದೂ ಒಂದು ಚಳಿಗಾಲಾನಾ? ಮದ್ದೂರಲ್ಲೇ ಇದಕ್ಕಿಂತ ಜಾಸ್ತಿ ಚಳಿ ಇರುತ್ತೆ."

"ಹಂಗಾದ್ರೆ ಮದ್ದೂರಿಗೇ ಹೋಗಿ ಸ್ವೆಟರ್ ಹಾಕ್ಕೊಂಡು ಕೂತ್ಕೊಳ್ಳಿ" ಎನ್ನುತ್ತಿದ್ದಳು ಪ್ರೇಮ. ಹಾಸನದ ಕಡೆಯ ಹುಡುಗಿ, ಮಾತಿಗೆ ತಡವರಿಸಿದವಳಲ್ಲ. ಮೊದಮೊದಲು ಇದನ್ನು ನಗುತ್ತ ಹೇಳುತ್ತಿದ್ದಳು. ವರ್ಷ ಕಳೆದಂತೆ ನಗು ಬಿಟ್ಟು ಹೇಳತೊಡಗಿದಳು.

ಡಾಟ್‌ಕಾಮಿನ ಭರಾಟೆಯ ಕಾಲ. ದೇವರಾಜು ಸ್ಯಾನ್ ಹೋಸೆಯ ಒಂದು ಕಂಪನಿಯಲ್ಲಿ ಇಂಟರ್ನೆಟ್ಟಿಗೆ ಬೇಕಾದ ಡಬ್ಬಗಳನ್ನು ಟೆಸ್ಟು ಮಾಡುವ ಎಂಜಿನಿಯರು. ಅಕ್ಕಪಕ್ಕದವರ ಕಂಪ್ಯೂಟರಿನಲ್ಲಿ ಷೇರಿನ ಗೆರೆ ಕುಣಿಯುತ್ತಿದ್ದರೆ ಅವನದರಲ್ಲಿ ಪೆಸಿಫಿಕ್ ಸಮುದ್ರದ ಮೇಲಿನ ಗಾಳಿಯ ನಕ್ಷೆ ತೆರೆದಿರುತ್ತಿತ್ತು. ಊರಿಗೆಲ್ಲ ಏರುವುದು ಬೇಕು, ಇವನೊಬ್ಬನಿಗೆ ಇಳಿಯುವುದು ಬೇಕು. ಕೊನೆಗೆ ಎರಡು ಸಾವಿರದ ಇಸವಿಯಲ್ಲಿ ಎಲ್ಲವೂ ಇಳಿಯಲು ಶುರುವಾಯಿತು, ಷೇರು ಇಳಿಯಿತು, ಆಫೀಸಿನ ತಲೆಗಳು ಕಡಿಮೆಯಾದವು, ಕ್ಯಾಂಟೀನಿನ ಪುಕ್ಕಟೆ ಹಣ್ಣುಗಳೂ ನಿಂತವು. ದೇವರಾಜುವಿನ ಹಿತ್ತಲಿನ ಥರ್ಮಾಮೀಟರು ಮಾತ್ರ ಇಳಿಯಲಿಲ್ಲ.

ಆ ಥರ್ಮಾಮೀಟರು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪಟ್ಟಿಗಳಿದ್ದ ಮರದ ಪೆಟ್ಟಿಗೆಯೊಳಗೆ ಎದೆಯೆತ್ತರದ ಕಾಲುಗಳ ಮೇಲೆ ನಿಂತಿತ್ತು. ಪಕ್ಕದ ಮನೆಯವನು ಅದನ್ನು ಜೇನುಪೆಟ್ಟಿಗೆ ಎಂದುಕೊಂಡು ಒಂದು ಬೇಸಿಗೆಯೆಲ್ಲ ಬೇಲಿಯ ಹತ್ತಿರ ಸುಳಿದಿರಲಿಲ್ಲ. ಬೆಳಿಗ್ಗೆ ಎದ್ದವನೇ ದೇವರಾಜು ಹಲ್ಲುಜ್ಜುವ ಮೊದಲು ಅದರ ಬಾಗಿಲು ತೆಗೆದು ನೋಡುತ್ತಿದ್ದ. ಅಲ್ಲಿಂದ ತಲೆಯೆತ್ತಿದರೆ ಪೂರ್ವಕ್ಕೆ ಡಯಾಬ್ಲೋ ಬೆಟ್ಟ. ಬೆಟ್ಟದ ತುದಿ ಹಸಿರಾಗಿದ್ದರೆ ಆ ದಿನ ಮನೆಯವರು ಅವನನ್ನು ಮಾತಾಡಿಸುವ ಮುಂಚೆ ಒಂದು ಗಳಿಗೆ ಯೋಚಿಸುತ್ತಿದ್ದರು.

ಈ ಹುಚ್ಚು ಹತ್ತಿದ್ದು ಮಿನ್ನೆಸೋಟಾದ ಡುಲುತ್ ಎಂಬ ಊರಿನಲ್ಲಿ. ಎಂ.ಎಸ್. ಓದಲು ಹೋದ ಮೊದಲ ವರ್ಷ, ನವೆಂಬರಿನ ಒಂದು ಮಧ್ಯಾಹ್ನ, ಬಾಡಿಗೆ ಕೋಣೆಯ ಕಿಟಕಿಯಾಚೆ ಹಿಮ ಬೀಳಲು ಶುರುವಾಯಿತು. ಮಳೆಗಾದರೆ ಸದ್ದಿದೆ, ಗಾಳಿಗೆ ಸದ್ದಿದೆ. ಇಷ್ಟೊಂದು ಬೀಳುತ್ತಿದ್ದರೂ ಸದ್ದೇ ಇಲ್ಲವಲ್ಲ ಎಂದು ಅವನು ದಂಗಾಗಿ ನಿಂತ. ಪಕ್ಕದಲ್ಲಿ ಮೊಣಕೈಯಿಂದ ತಿವಿದು "ನೋಡು" ಎನ್ನಲು ಯಾರೂ ಇರಲಿಲ್ಲ. ಆಗ ನೆನಪಾದವಳು ಅವ್ವ. ಮಳೆ ಬಂದಾಗಲೆಲ್ಲ ಕೆಲಸ ಬಿಟ್ಟು ಜಗುಲಿಗೆ ಬಂದು ನಿಲ್ಲುತ್ತಿದ್ದವಳು, ಆಲಿಕಲ್ಲು ಬಿದ್ದರೆ ಮಕ್ಕಳಿಗಿಂತ ಮೊದಲು ತಾನೇ ಅಂಗಳಕ್ಕೆ ಇಳಿಯುತ್ತಿದ್ದವಳು. ಇವಳಿಗೆ ಒಂದು ದಿನ ಇದನ್ನು ತೋರಿಸಬೇಕು, ಮೊದಲ ಸಲ ನೋಡುವಾಗ ಪಕ್ಕದಲ್ಲಿ ತಾನು ನಿಂತಿರಬೇಕು ಎಂದು ಅವನು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಮಂಡಿಯುದ್ದ ಹಿಮದಲ್ಲಿ ನಿಂತ ತನ್ನ ಫೋಟೋ ಒಂದನ್ನು ಊರಿಗೆ ಕಳಿಸಿದ. ಅವ್ವ ಅದನ್ನು ಕೇರಿಗೆಲ್ಲ ತೋರಿಸಿದಳಂತೆ. ಎದುರು ಮನೆಯ ಬೋರಮ್ಮ, "ಅತ್ತಿ ಅರವ್ಕೊಂಡು ನಿಂತವ್ನೆ ಬುಡು" ಎಂದು ಮೂಗು ಮುರಿದಳಂತೆ.

ಆದರೆ ಓದು ಮುಗಿದು, ಕೆಲಸ ಸಿಕ್ಕಿ, ಮದುವೆಯಾಗಿ, ಮಗಳು ಹುಟ್ಟಿ, ಅವ್ವನನ್ನು ಕರೆಸಿಕೊಳ್ಳುವಷ್ಟು ಕಾಲೂರುವ ಹೊತ್ತಿಗೆ ಅವನು ಕ್ಯಾಲಿಫೋರ್ನಿಯಾಕ್ಕೆ ಬಂದು ಬಿದ್ದಿದ್ದ. ಬೆಚ್ಚಗಿನ, ಒಣ, ನೀಲಿ ಚಳಿಗಾಲಗಳು ಒಂದರ ಹಿಂದೊಂದು ಬಂದುಹೋದವು.

ತನ್ನಂಥವರು ಇನ್ನೂ ಇದ್ದಾರೆ ಎಂದು ತಿಳಿದದ್ದು ಇಂಟರ್ನೆಟ್ಟಿನಿಂದ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಹಿಮಕ್ಕಾಗಿ ಬಾಯಿಬಿಡುವ ಹತ್ತಾರು ಜನ ಸೇರಿ ಈಮೇಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ರಿಟೈರಾದ ಮೇಷ್ಟ್ರು, ಬಸ್ಸು ಓಡಿಸುವವನು, ಹಲ್ಲಿನ ಡಾಕ್ಟರು, ಎಲ್ಲರೂ ಇದ್ದರು. ಚಳಿಗಾಲದ ಕೆಲವು ಶನಿವಾರ ವಾಲ್ನಟ್ ಕ್ರೀಕಿನ ರೈಲು ಸ್ಟೇಷನ್ನಿನ ಹತ್ತಿರದ ಪಿಜ್ಜಾ ಅಂಗಡಿಯಲ್ಲಿ ಸೇರುತ್ತಿದ್ದರು. ಹೊರಗೆ ಬಿಸಿಲು, ಒಳಗೆ ಇವರ ಗಂಟುಮುಖ. ಮುಂದಿನ ಹತ್ತು ದಿನದ ನಕ್ಷೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಎಲ್ಲೋ ಅಲಾಸ್ಕಾದ ಮೇಲೆ ಕಡುಚಳಿಯ ಗುರುತಾದ ಒಂದು ನೇರಳೆ ಬಣ್ಣದ ಚುಕ್ಕೆ ಕಂಡರೆ "ಇದು ಇಳಿದು ಬರುತ್ತೆ, ನೋಡ್ತಿರಿ" ಎನ್ನುವರು. ಅದು ಇಳಿಯುತ್ತಿರಲಿಲ್ಲ. ಮುಂದಿನ ಸಲ ಮತ್ತೆ ಅದೇ ಮಾತು. ಬೇಕಾದದ್ದನ್ನೇ ಭವಿಷ್ಯ ಎಂದು ಓದಿಕೊಳ್ಳುವ ಈ ಚಾಳಿ ಅವರೆಲ್ಲರಿಗೂ ಇತ್ತು, ದೇವರಾಜುವಿಗೆ ಒಂದು ಕೈ ಹೆಚ್ಚಾಗಿಯೇ ಇತ್ತು.

ಈ ಗುಂಪಿಗೆ ಒಂದು ಕಟ್ಟುಪಾಡು ಇತ್ತು. ಮನೆಯಿಂದ ಕಾಣುವ ನೆಲದ ಮೇಲೆ, ಕಾಣುವ ಬೆಟ್ಟದ ಮೇಲೆ ತಾನಾಗಿ ಬಂದು ಬಿದ್ದರೆ ಮಾತ್ರ ಅದು ಹಿಮ. ನಾಲ್ಕು ಗಂಟೆ ಕಾರು ಓಡಿಸಿ ಲೇಕ್ ಟಾಹೋಗೆ ಹೋದರೆ ಮೊಣಕಾಲುದ್ದ ಬಿದ್ದಿರುತ್ತದೆ, ನಿಜ. ಆದರೆ ಅದು ಲೆಕ್ಕಕ್ಕಿಲ್ಲ. ಅದಕ್ಕೆ ಅವರು ಇಟ್ಟಿದ್ದ ಹೆಸರು ಅಂಗಡಿ ಹಿಮ. ಹೋಗಿ ನೋಡಿ ಬಂದೆ ಎಂದು ಯಾರಾದರೂ ಬಾಯಿಬಿಟ್ಟರೆ ಅವನನ್ನು ಆ ವರ್ಷವೆಲ್ಲ ಆಡಿಕೊಳ್ಳುತ್ತಿದ್ದರು. ದೇವರಾಜು ಈ ಕಟ್ಟುಪಾಡನ್ನು ವ್ರತದ ಹಾಗೆ ಹಿಡಿದ. "ಮನೆಗೆ ಬಂದ ನೆಂಟರನ್ನ ನೋಡೋದೂ, ಛತ್ರದಲ್ಲಿ ಸಿಕ್ಕಿದವರನ್ನ ನೋಡೋದೂ ಒಂದೇನಾ?" ಎಂದು ಕೇಳುತ್ತಿದ್ದ.

ಗುಂಪಿನಲ್ಲಿ ಕನ್ನಡ ಬರುತ್ತಿದ್ದ ಇನ್ನೊಬ್ಬನೆಂದರೆ ಲತೀಫ್. ಮೈಸೂರಿನ ಮಂಡಿ ಮೊಹಲ್ಲಾದವನು. ನ್ಯೂಯಾರ್ಕಿನ ಉತ್ತರಕ್ಕೆ ಹಿಮದ ಸೀಮೆ ಬಫಲೋದಲ್ಲಿ ಬಹಳ ವರ್ಷ ಇದ್ದು, ಈಗ ಹೆಂಡತಿ ಫಖರುನ್ನಿಸಾಳ ಜೊತೆ ಕ್ಯಾಂಪ್‌ಬೆಲ್‌ನಲ್ಲಿ ಮನೆ ಮಾಡಿದ್ದ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಫ್ರೀಜರುಗಳನ್ನು ನೋಡಿಕೊಳ್ಳುವ ಕೆಲಸ. "ನೋಡಿ ದೇವಣ್ಣ, ಇಡೀ ದಿನ ಐಸ್ ಪೆಟ್ಟಿಗೆ ಮಧ್ಯೆ ಇರ್ತೀನಿ, ಸಂಜೆ ಆಚೆ ಬಂದ್ರೆ ಬಿಸ್ಲು. ಹಿಂಗಾದ್ರೆ ನಾನು ಒಳಗೇ ಚಾಪೆ ಹಾಕ್ಕೊಂಡ್ಬಿಡ್ತೀನಿ" ಎಂದು ನಗಿಸುತ್ತಿದ್ದ. ಅವನಿಗೆ ಹಿಮ ಇಷ್ಟ, ಆದರೆ ಬೀಳದಿದ್ದರೆ ಊಟ ಬಿಡುವವನಲ್ಲ. ಡುಲುತ್ತಿನ ಕಿಟಕಿಯ ವಿಷಯವನ್ನೂ ಅವ್ವನ ವಿಷಯವನ್ನೂ ದೇವರಾಜು ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದರೆ ಅದು ಲತೀಫನಿಗೆ ಮಾತ್ರ.

ಎರಡು ಸಾವಿರದ ಇಸವಿಯ ದಸರಾ ಮುಗಿಸಿಕೊಂಡು ಅವ್ವ ಬಂದಳು. ದೊಡ್ಡತಾಯಮ್ಮ ಎಂದು ಹೆಸರು, ಎಪ್ಪತ್ತರ ಹತ್ತಿರದ ವಯಸ್ಸು, ಗಟ್ಟಿ ಗಂಟಲು. ಬಂದ ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಇಳಿದು, ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು.

"ಏನ್ಲಾ ದೇವ, ಎಲ್ಲದ್ಲಾ ನಿನ್ ಮಂಜು? ಪಟದಲ್ಲಿ ಮಂಡಿಗಂಟ ಇತ್ತು. ಇಲ್ ನೋಡುದ್ರೆ ರಾಗಿ ಒಣಾಕ್ಬೌದು!"

"ಇನ್ನೂ ಟೈಮ್ ಇದೆ ಕಣವ್ವ. ಡಿಸೆಂಬರ್ ಬರ್ಲಿ. ಆ ಬೆಟ್ಟ ಬೆಳ್ಳಗಾಗೋದ ನಾನೇ ನಿನ್ನ ಕರ್ಕೊಂಡೋಗಿ ತೋರುಸ್ತೀನಿ. ಈ ಸಲ ಬಂದೇ ಬತ್ತದೆ."

"ಬರ್ಲಿ ಬುಡು, ಕಾಯಾನ" ಎಂದಳು ಅವ್ವ. ಅವಳು ವಾಪಸ್ಸು ಹೊರಡಬೇಕಾದದ್ದು ಮಾರ್ಚಿನ ಮೊದಲ ವಾರ. ಅಷ್ಟರೊಳಗೆ ಹಿಮ ಬೀಳಬೇಕು, ಅವಳ ಪಕ್ಕದಲ್ಲಿ ತಾನು ನಿಂತಿರಬೇಕು. ದೇವರಾಜುವಿಗೆ ಆ ಚಳಿಗಾಲದಲ್ಲಿ ಬೇರೆ ಯಾವ ಆಸೆಯೂ ಇರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ನವೆಂಬರಿನ ಕೊನೆಗೆ, ಪ್ರೇಮ ಊಟಕ್ಕೆ ಬಡಿಸುತ್ತ ಹೇಳಿದಳು: "ರೀ, ನಾಳೆ ಟಾಹೋಗೆ ಹೋಗ್ಬರೋಣ. ಆಗ್ಲೇ ಚೆನ್ನಾಗಿ ಬಿದ್ದಿದೆಯಂತೆ. ಅತ್ತೆ ನೋಡ್ತಾರೆ, ನಿಸರ್ಗಾನೂ ಆಡ್ಕೋತಾಳೆ, ಮುಗೀತು."

"ಮುಗೀತು ಅನ್ನೋಕೆ ಅದೇನು ಗ್ರೋಸರಿ ತರೋ ಕೆಲ್ಸಾನಾ?" ದೇವರಾಜು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ಅಲ್ಲಿ ಮಿಷನ್ನಲ್ಲಿ ಉದುರಿಸ್ತಾರೆ ಹಿಮಾನ. ಸ್ಕೀ ಮಾಡೋರ ಗಲಾಟೆ, ಪಾರ್ಕಿಂಗಿಗೆ ಜಗಳ. ಅವ್ವ ಮೊದಲನೇ ಸಲ ನೋಡೋದು ಅದನ್ನಾ?"

"ಅವ್ರು ಕೇಳಿದ್ದು ಹಿಮ. ನಿಮ್ಮ ಕ್ಲಬ್ಬಿನ ರೂಲ್ಸ್ ಕೇಳಿಲ್ಲ."

ದೇವರಾಜು ಅರ್ಧ ಊಟಕ್ಕೆ ಎದ್ದ. ಆಮೇಲೆ ನಾಲ್ಕು ದಿನ ಮನೆಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಅವನು ಕೂಗಾಡುವ ಜಾತಿಯಲ್ಲ, ಮುಖ ಊದಿಸಿಕೊಂಡು ಕೂರುವ ಜಾತಿ. ಕೂಗಾಡುವವರ ಜೊತೆಯಾದರೂ ಬಾಳಬಹುದು, ಒಂದು ಸಲ ಕೂಗಿ ಸುಮ್ಮನಾಗುತ್ತಾರೆ. ಇಂಥವನ ಮೌನ ಸೋಫಾದ ಮೇಲೆ, ಊಟದ ಮೇಜಿನ ಮೇಲೆ, ಕಾರಿನೊಳಗೆ, ಎಲ್ಲ ಕಡೆ ಬಂದು ಕೂತಿರುತ್ತದೆ. ಹತ್ತು ವರ್ಷದ ನಿಸರ್ಗಾ ಕೂಡ ಆ ದಿನಗಳಲ್ಲಿ ಟೀವಿಯ ಸದ್ದನ್ನು ತಾನಾಗಿ ತಗ್ಗಿಸಿಕೊಂಡಳು. ಟಾಹೋ ಎಂಬ ಹೆಸರು ಆ ಮನೆಯಲ್ಲಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಡಿಸೆಂಬರ್ ಬಂತು. ಮಳೆಯೂ ಇಲ್ಲ, ಹಿಮವೂ ಇಲ್ಲ. ಸಮುದ್ರದ ಮೇಲೆ ಎಲ್ಲೋ ಗಾಳಿಯ ಒತ್ತಡದ ಗುಡ್ಡವೊಂದು ಠಿಕಾಣಿ ಹೂಡಿ, ಬಂದ ಬಿರುಗಾಳಿಯನ್ನೆಲ್ಲ ಉತ್ತರಕ್ಕೆ ಅಟ್ಟುತ್ತಿತ್ತು. ದೇವರಾಜು ಆ ಗುಡ್ಡವನ್ನು ದಾಯಾದಿಯನ್ನು ಬೈದ ಹಾಗೆ ಬೈದ. ಅವ್ವ ಮಾತ್ರ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು, ಕಾಲು ಚಾಚಿ, ಕಡಲೆಕಾಯಿ ಬಿಡಿಸುತ್ತ ಕೂತಿರುತ್ತಿದ್ದಳು. "ಓಗ್ಲಿ ಬುಡ್ಲಾ, ನಾನೇನ್ ಮಂಜು ತಿಂದು ಬದುಕ್ಬೇಕಾ?" ಎಂದು ಅವನನ್ನೇ ಸಮಾಧಾನ ಮಾಡುವಳು. ಅದು ಅವನಿಗೆ ಇನ್ನಷ್ಟು ಹೊಟ್ಟೆ ಉರಿಸುತ್ತಿತ್ತು. ಬೇಡ ಎನ್ನುವವರಿಗೆ ತೋರಿಸುವುದರಲ್ಲಿ ಏನು ಸುಖ?

ಜನವರಿಯಲ್ಲಿ ರಾಜ್ಯದಲ್ಲೆಲ್ಲ ಕರೆಂಟಿನ ಕಾಟ ಶುರುವಾಗಿ ಸರದಿಯ ಮೇಲೆ ಊರೂರಿಗೆ ಕತ್ತಲಾಯಿತು. "ಅಯ್ಯೋ, ಇಲ್ಲೂ ಕರೆಂಟ್ ಓಯ್ತದಾ! ಬೋರಮ್ಮುಂಗೆ ಯೋಳ್ಬೇಕು" ಎಂದು ಅವ್ವ ಸಂಭ್ರಮಪಟ್ಟಳು. ಅದೇ ವಾರ ದೇವರಾಜುವಿನ ಆಫೀಸಿನಲ್ಲಿ ಅವನ ಸಾಲಿನ ಅರ್ಧ ಮೇಜುಗಳು ಖಾಲಿಯಾದವು. ಉಳಿದವರು ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಅವನು ಆಗಲೂ ನಕ್ಷೆ ನೋಡುತ್ತಿದ್ದ. ನೇರಳೆ ಚುಕ್ಕೆಯೊಂದು ನಿಜವಾಗಿಯೂ ಇಳಿದು ಬರುತ್ತಿದೆ ಎಂದು ಅವನಿಗೆ ಕಂಡಿತು. ಗುಂಪಿನವರಿಗೆ ಬರೆದ, ಲತೀಫನಿಗೆ ಫೋನು ಮಾಡಿದ.

"ನಂಗ್ಯಾಕೋ ಡೌಟು ದೇವಣ್ಣ. ಬೆಟ್ಟದ ಮೇಲೆ ಬರೀ ಮಳೆ ಆಗುತ್ತೆ ಅನ್ಸುತ್ತೆ" ಎಂದ ಲತೀಫ್.

"ನಿಮಗೆ ನಂಬಿಕೆ ಇಲ್ಲ ಲತೀಫ್ ಭಾಯ್, ಅದೇ ನಿಮ್ಮ ಪ್ರಾಬ್ಲಮ್ಮು."

ಭಾನುವಾರ ಬೆಳಿಗ್ಗೆ ಅವ್ವನಿಗೆ ಎರಡು ಸ್ವೆಟರು, ಕಾಲುಚೀಲ, ನಿಸರ್ಗಾಳ ಉಲ್ಲನ್ ಟೋಪಿ ಹಾಕಿಸಿ ಕಾರಿಗೆ ಹತ್ತಿಸಿಕೊಂಡು ಬೆಟ್ಟ ಹತ್ತಿದ. ಮೇಲೆ ಬೀಳುತ್ತಿದ್ದದ್ದು ಮಳೆ, ಮೂಳೆ ಕೊರೆಯುವಂಥ ಮಳೆ. "ಇನ್ನೊಂಚೂರು ಇರವ್ವ, ಈಗ ತಿರುಗುತ್ತೆ ನೋಡು" ಎಂದು ಅವಳನ್ನು ಕಾರಿನಿಂದ ಇಳಿಸಿ ಕೊಡೆ ಹಿಡಿದು ನಿಂತ. ಗಾಳಿಗೆ ಕೊಡೆ ತಲೆಕೆಳಗಾಯಿತು. ಅವ್ವ ನಡುಗುತ್ತ, ಟೋಪಿಯಿಂದ ನೀರಿಳಿಸಿಕೊಳ್ಳುತ್ತ ಬಹಳ ಹೊತ್ತು ಆಕಾಶ ನೋಡಿದಳು. ಮಳೆ ಮಳೆಯಾಗಿಯೇ ಉಳಿಯಿತು.

ಮಾರನೆಯ ದಿನದಿಂದ ಅವ್ವನಿಗೆ ಕೆಮ್ಮು. ಹಾಸಿಗೆ ಹಿಡಿದಳು. ಪ್ರೇಮ ಕಷಾಯ ಕಾಸಿ ಕೊಟ್ಟಳು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಬಂದಳು, ಎಲ್ಲ ಮುಗಿಸಿ ಅಡುಗೆಮನೆಯಲ್ಲಿ ಗಂಡನೊಬ್ಬನೇ ಸಿಕ್ಕಾಗ ತಣ್ಣಗೆ ಹೇಳಿದಳು.

"ಅವರು ನೋಡ್ಬೇಕು ಅನ್ನೋದಲ್ಲ ನಿಮಗೆ. ನೀವು ತೋರಿಸ್ಬೇಕು, ಅಷ್ಟೆ."

ಮಾತು ಸರಿಯಾಗಿದ್ದುದರಿಂದಲೇ ಅವನಿಗೆ ಅವಳ ಮೇಲೆ ಸಿಟ್ಟು ಬಂತು. ಮತ್ತೆ ಮುಖ ಊದಿಸಿಕೊಂಡ.

ಫೆಬ್ರವರಿಯ ಮೊದಲ ಶನಿವಾರ ಪಿಜ್ಜಾ ಅಂಗಡಿಯಲ್ಲಿ ಗುಂಪು ಸೇರಿತು. ಲತೀಫ್ ಬರಲಿಲ್ಲ. ಲ್ಯಾಬಿನಲ್ಲಿ ಯಾವುದೋ ಫ್ರೀಜರು ಕೆಟ್ಟಿದೆಯಂತೆ. ಪ್ರೇಮ ಆ ದಿನ ಬೆಳಿಗ್ಗೆ ಬೇಗನೆ ಎದ್ದು, ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಕ್ಯಾಂಪ್‌ಬೆಲ್‌ಗೆ ಹೊರಟಿದ್ದಳು. ಲತೀಫನ ಹೆಂಡತಿ ಫಖರುನ್ನಿಸಾ ಊಟಕ್ಕೆ ಕರೆದಿದ್ದಾಳೆ, ಬರುವುದು ಸಂಜೆಯಾಗುತ್ತದೆ ಎಂದಿದ್ದಳು. ಕೆಮ್ಮು ಈಗಷ್ಟೇ ಬಿಟ್ಟಿದೆ, ಸುಮ್ಮನೆ ಏಕೆ ತಿರುಗಾಡಿಸುವುದು ಎಂದುಕೊಂಡನಾದರೂ ಅವನು ಹೇಳಲಿಲ್ಲ, ಮೌನವ್ರತ ನಡೆಯುತ್ತಿತ್ತಲ್ಲ. ಅಂಗಡಿಯಲ್ಲಿ ಕೂತು ಎಲ್ಲರೂ ಈ ವರ್ಷವೂ ಹಾಳಾಯಿತು ಎಂದು ಬೈದುಕೊಂಡರು. ಟಾಹೋದಲ್ಲಿ ಭರ್ತಿ ಬೀಳುತ್ತಿದೆಯಂತೆ ಎಂದು ಬಸ್ಸಿನ ಡ್ರೈವರು ಹೇಳಿದ್ದಕ್ಕೆ ದೇವರಾಜುವೇ ಎಲ್ಲರಿಗಿಂತ ಜೋರಾಗಿ ನಕ್ಕ. "ಹೋಗಿ ಕೊಂಡ್ಕೊಂಡು ಬಾ" ಎಂದು ಇಂಗ್ಲಿಷಿನಲ್ಲಿ ಛೇಡಿಸಿದ.

ಕ್ಯಾಂಪ್‌ಬೆಲ್‌ಗೆ ಹೋದವರು ಮನೆಗೆ ಬರುವಾಗ ಕತ್ತಲಾಗಿತ್ತು. ನಿಸರ್ಗಾ ನಿದ್ದೆಗಣ್ಣಲ್ಲೇ ಮಲಗಲು ಹೋದಳು. ಅವ್ವ ಕೆನ್ನೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು, "ಊಟ ಆಯ್ತೇನ್ಲಾ?" ಎಂದಳು. ಅವನು ಕಂಪ್ಯೂಟರಿನಿಂದ ತಲೆಯೆತ್ತದೆ ಹೂಂ ಎಂದ.

ಅದಾದ ಮೂರು ವಾರಕ್ಕೆ, ಅವ್ವನ ಸೂಟ್‌ಕೇಸು ಅರ್ಧ ತುಂಬಿದ್ದಾಗ, ಬೆಳಿಗ್ಗೆ ಲತೀಫನ ಫೋನು ಬಂತು. "ದೇವಣ್ಣ, ಕಿಟಕಿ ಪರದೆ ಸರಿಸಿ ನೋಡಿ. ನಿಮ್ಮ ಬೆಟ್ಟ ಬೆಳ್ಳಗಾಗ್ತಿದೆಯಂತೆ."

ಬೆಳಿಗ್ಗೆ ಥರ್ಮಾಮೀಟರು ನೋಡಲು ಇಳಿದಾಗ ಬೆಟ್ಟ ಮೋಡ ಮುಚ್ಚಿ ಕಂಡಿರಲಿಲ್ಲ. ಪರದೆ ಸರಿಸಿದ. ಡಯಾಬ್ಲೋ ಬೆಟ್ಟದ ಹೆಗಲವರೆಗೂ ಬಿಳಿ, ಮೇಲೆ ಕಪ್ಪು ಮೋಡ, ಇನ್ನೂ ಬೀಳುತ್ತಿತ್ತು. ಪ್ರೇಮ ಆಫೀಸಿಗೂ ನಿಸರ್ಗಾ ಸ್ಕೂಲಿಗೂ ಹೊರಟಾಗಿತ್ತು. ದೇವರಾಜು ತನ್ನ ಆಫೀಸಿಗೆ ಫೋನು ಮಾಡಿ ರಜೆ ಎಂದ. ಇಂಥ ಹೊತ್ತಿನಲ್ಲಿ ರಜೆಯೇ ಎಂದು ಮ್ಯಾನೇಜರು ಕೇಳಿದ ದನಿಯಲ್ಲಿ, ಕೆಲಸದಿಂದ ತೆಗೆಯುವವರ ಮುಂದಿನ ಪಟ್ಟಿಯಲ್ಲಿ ಯಾರ ಹೆಸರಿರುತ್ತದೆ ಎನ್ನುವುದು ಸ್ಪಷ್ಟವಾಗಿತ್ತು. ಅವನು ಲೆಕ್ಕಿಸಲಿಲ್ಲ.

"ಅವ್ವಾ, ಏಳು, ಬಂದದೆ!"

"ಏನ್ ಬಂದದ್ಲಾ?"

"ಮಂಜು ಕಣವ್ವ, ನಮ್ ಬೆಟ್ಟಕ್ಕೆ ಬಂದದೆ!"

ಅವ್ವ ಅವನ ಮುಖವನ್ನು ಒಂದು ಗಳಿಗೆ ನೋಡಿ, "ನಡಿ ಮತ್ತೆ" ಎಂದು ಬೂಟು ಮೆಟ್ಟಿಕೊಂಡಳು.

ದಾರಿಯುದ್ದಕ್ಕೂ ಅವನು ಮಾತಾಡಿದ. ಡುಲುತ್ತಿನ ಕಿಟಕಿ, ಸದ್ದಿಲ್ಲದ ಮಧ್ಯಾಹ್ನ, ಅವಳನ್ನು ನೆನೆದದ್ದು, ಎಲ್ಲ ಹೇಳಿದ. ಎಷ್ಟೋ ವರ್ಷದಿಂದ ಅವನು ಯಾರೊಡನೆಯೂ ಅಷ್ಟು ಮಾತಾಡಿರಲಿಲ್ಲ. ಅವ್ವ ಕಿಟಕಿಯ ಕಡೆ ಮುಖ ಮಾಡಿ ಹೂಂಗುಟ್ಟುತ್ತಿದ್ದಳು. ಬೆಟ್ಟದ ಅರ್ಧಕ್ಕೆ ಗೇಟು ಹಾಕಿ ಮುಂದೆ ಬಿಡುತ್ತಿರಲಿಲ್ಲ. ಆದರೆ ಅಲ್ಲೇ, ಓಕ್ ಮರಗಳ ಮೇಲೆ, ಹುಲ್ಲಿನ ಮೇಲೆ, ಹಿಮದ ದೊಡ್ಡ ದೊಡ್ಡ ಹಳುಕುಗಳು ಸುಮ್ಮನೆ ಇಳಿಯುತ್ತಿದ್ದವು. ಕಾರು ನಿಲ್ಲಿಸಿ, ಆ ಕಡೆಯ ಬಾಗಿಲಿಗೆ ಓಡಿ, ಅವಳ ಕೈ ಹಿಡಿದು ಇಳಿಸಿದ. ಪಕ್ಕದಲ್ಲಿ ನಿಂತು, ಹಿಮವನ್ನು ಬಿಟ್ಟು ಅವಳ ಮುಖವನ್ನೇ ನೋಡಿದ.

"ಅಯ್ಯೋ ಶಿವ್ನೇ! ಎಂಗ್ ಬೀಳ್ತದೆ ನೋಡ್ಲಾ! ಅಬ್ಬಬ್ಬಾ!" ಎಂದಳು ಅವ್ವ. ಅಂಗೈ ಒಡ್ಡಿದಳು. ದೇವರಾಜುವಿನ ಕಣ್ಣು ತುಂಬಿ ಬಂತು. ದನಿ ಸ್ವಲ್ಪ ಜೋರಾಯಿತಲ್ಲ ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟರಲ್ಲಿ ಸಂತೋಷ ಅದನ್ನು ನುಂಗಿಕೊಂಡಿತು. ಮೊಣಕೈಯಿಂದ ಅವಳನ್ನು ಮೆಲ್ಲಗೆ ತಿವಿದ. "ನೋಡವ್ವ, ಸದ್ದೇ ಇಲ್ಲ" ಎಂದ. "ಊಂ ಕಣಪ್ಪ, ಸದ್ದೇ ಇಲ್ಲ" ಎಂದಳು.

ಸ್ವಲ್ಪ ಹೊತ್ತಿಗೆ ಚಳಿಯಾಗುತ್ತದೆ ಎಂದು ಅವಳು ಕಾರಿನ ಕಡೆ ತಿರುಗಿದಳು. ಬಾಗಿಲು ತೆಗೆದು, ಸೀಟಿನ ಮೇಲೆ ಅಡ್ಡಲಾಗಿ ಕೂತು, ಕಾಲೆರಡನ್ನೂ ಹೊರಗೇ ಬಿಟ್ಟುಕೊಂಡು, ಹಿಮ್ಮಡಿಗೆ ಹಿಮ್ಮಡಿ ಬಡಿದು ಬೂಟಿನ ಹಿಮವನ್ನು ಕೊಡವಿದಳು. ಸೀರೆಯಂಚನ್ನೂ ಒದರಿದಳು. ಆಮೇಲೆ ಕಾಲನ್ನು ಒಳಗೆಳೆದುಕೊಂಡಳು.

ದೇವರಾಜು ನಿಂತಲ್ಲೇ ನಿಂತ. ಹಿಮದ ನಾಡಿನಲ್ಲಿ ಇದ್ದು ಬಂದವರೆಲ್ಲ ಹಾಗೆಯೇ ಕಾರು ಹತ್ತುತ್ತಾರೆ. ಒಳಗೆ ಕರಗಿ ನೀರಾಗುತ್ತದೆಂದು ಒಂದು ಸಲ ಪೇಚಾಡಿದವರಿಗಷ್ಟೇ ಅದು ಗೊತ್ತು. ಮದ್ದೂರಿನ ಮುದುಕಿಗೆ ಅದು ಗೊತ್ತಿರುವ ದಾರಿಯೇ ಇರಲಿಲ್ಲ.

"ಅವ್ವಾ, ಹಂಗೆ ಕಾಲು ಕುಟ್ಟೋದ ಯಾರು ಹೇಳ್ಕೊಟ್ರು?"

ಅವ್ವ ತನ್ನ ಬೂಟು ನೋಡಿಕೊಂಡಳು. ಸುಳ್ಳು ಹುಡುಕಲು ಹೋಗಲಿಲ್ಲ.

"ಲತೀಪ."

"ಎಲ್ಲಿ?"

"ಅದೇ, ಟಾವೋನೋ ಏನೋ ಅಂತಾರಲ್ಲ, ಅಲ್ಲಿ. ಊಟಕ್ಕೋಗಿದ್ವಿ ಅಂದಿದ್ವಲ್ಲ, ಅವತ್ತು." ಅವಳು ತಲೆಯೆತ್ತಿದಳು. "ನಾನೇ ಕೇಳ್ದೆ ಕಣ್ಲಾ. ಅವ್ರ ಮ್ಯಾಲೆ ಅರಿಹಾಯ್ಬ್ಯಾಡ. ಕೆಮ್ಮಿ ಕೆಮ್ಮಿ ಮಲ್ಗಿದ್ನಲ್ಲ, ಅವಾಗ ಪ್ರೇಮುಂಗೆ ಯೋಳ್ದೆ, ಒಂದಪ ನೋಡ್ಕೊಂಡ್ ಬಂದ್ಬುಡ್ತೀನಿ ಕರ್ಕೊಂಡೋಗವ್ವ ಅಂತ."

"ನಂಗ್ಯಾಕ್ ಹೇಳ್ಲಿಲ್ಲ?"

"ಯೋಳಿದ್ರೆ ಬುಡ್ತಿದ್ದಾ?"

ಹಿಮ ಅವನ ತಲೆಯ ಮೇಲೆ, ಕನ್ನಡಕದ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಯಾರ್ಯಾರ್ ಹೋಗಿದ್ರಿ?"

"ಎಲ್ಲಾರೂವೆ. ಪ್ರೇಮ, ಕೂಸು, ಲತೀಪ, ಅವನೆಂಡ್ರು. ನೀನೊಬ್ಬ ಇರ್ನಿಲ್ಲ."

"ಬೀಳ್ತಿತ್ತಾ?"

"ಊಂ, ಬೀಳ್ತಿತ್ತು. ಮ್ಯಾಲಿಂದ್ಲೇ ಬೀಳ್ತಿತ್ತು, ಮಿಸನ್ನು ಗಿಸನ್ನು ನಾನ್ ಕಾಣೆ."

"ಹೆಂಗಿತ್ತವ್ವ?" ಎಂದು ಕೇಳಿದ. ಕೇಳಬಾರದಿತ್ತು.

"ಇಂಗೇ ಇತ್ತು" ಎಂದಳು ಅವ್ವ. ಆಮೇಲೆ ಮಗನ ಮುಖ ನೋಡಿ, ಅವನಿಗೆ ಇನ್ನೂ ಸುಳ್ಳು ಹೇಳಲು ಮನಸ್ಸಾಗದೆ, "ಇಲ್ಲ ಕಣ್ಲಾ, ಅದು ಇನ್ನೂ ಚೆಂದಾಗಿತ್ತು. ಎಲ್ಲಾರೂ ನಗ್ತಾ ಇದ್ರು" ಎಂದಳು.

ಕಾರು ಬೆಟ್ಟ ಇಳಿಯಿತು. ಕೆಳಗೆ ಬಂದಂತೆ ಹಿಮ ಮಳೆಯಾಯಿತು, ಮಳೆ ನಿಂತಿತು, ಊರಿನಲ್ಲಿ ಬಿಸಿಲಿತ್ತು. ಅವನು ಹಳೆಯದನ್ನೆಲ್ಲ ತಿರುವಿ ಹಾಕುತ್ತಿದ್ದ. ಲತೀಫನ ಕೆಟ್ಟ ಫ್ರೀಜರು. ಎಣ್ಣೆ ಸವರಿದ ಕೆನ್ನೆ. ನಿದ್ದೆಗಣ್ಣಲ್ಲೇ ಮಲಗಲು ಹೋದ ಮಗಳು. ಅದೇ ಹೊತ್ತಿನಲ್ಲಿ ತಾನು ಪಿಜ್ಜಾ ಅಂಗಡಿಯಲ್ಲಿ ಕೂತು ಟಾಹೋಗೆ ಹೋಗುವವರನ್ನು ಛೇಡಿಸುತ್ತಿದ್ದದ್ದು. ಹದಿಮೂರು ವರ್ಷ ಕಾದ ಗಳಿಗೆ ತನ್ನನ್ನು ಬಿಟ್ಟು ನಡೆದುಹೋಗಿತ್ತು, ಕರೆಯದೆ ಬಿಟ್ಟವರು ತನ್ನವರೇ. ಅವರ ಮೇಲೆ ಉರಿದುಬೀಳಬೇಕೆಂದರೆ, ಅವ್ವ ಕೇಳಿದ ಒಂದೇ ಪ್ರಶ್ನೆ ಅಡ್ಡ ಬರುತ್ತಿತ್ತು. ಬಿಡುತ್ತಿದ್ದೆನಾ? ಇಲ್ಲ, ಬಿಡುತ್ತಿರಲಿಲ್ಲ.

ಮನೆ ಹತ್ತಿರವಾದಾಗ ಅವ್ವ ಅವನ ತೋಳು ಮುಟ್ಟಿದಳು. "ನಿಂಗ್ ಗೊತ್ತಾಯ್ತು ಅಂತ ಅವ್ರಿಗೆ ಯೋಳ್ಬ್ಯಾಡ. ನಾನ್ ಇನ್ ಒಂದ್ವಾರ ಇರ್ತೀನಿ. ಆ ಮನೇಲಿ ಮಾತಿಲ್ದೆ ಕುಂತ್ಕಳಾದು ಬ್ಯಾಡ ಕಣಪ್ಪ."

ಸಂಜೆ ಪ್ರೇಮ ಮಗಳನ್ನು ಕರೆದುಕೊಂಡು ಬಂದಳು. ಬಾಗಿಲಲ್ಲೇ ಇಬ್ಬರೂ ಮೊದಲು ನೋಡಿದ್ದು ಅವನ ಮುಖವನ್ನು. ಅವನು ಅದನ್ನು ಅಂದು ಮೊದಲ ಬಾರಿಗೆ ಗಮನಿಸಿದ. ತಾನು ದಿನಾ ಬೆಳಿಗ್ಗೆ ಆ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ನೋಡುವ ಹಾಗೆಯೇ ಇವರು ತನ್ನನ್ನು ನೋಡಿ ಹೆಜ್ಜೆಯಿಡುತ್ತಾರೆ, ಎಷ್ಟು ವರ್ಷದಿಂದಲೋ. ಪ್ರೇಮ ಚೀಲ ಕೆಳಗಿಟ್ಟು, ಬಾಗಿಲ ಬಳಿಯ ಒದ್ದೆ ಬೂಟು ನೋಡಿ, "ಅತ್ತೆ, ಬೆಟ್ಟಕ್ಕೆ ಹೋಗಿದ್ರಾ? ಸ್ನೋ ನೋಡಿದ್ರಾ?" ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ಎಲ್ಲಿಯೂ ಒಂದು ಎಡವಟ್ಟಿಲ್ಲ, ಬಹಳ ದಿನ ರೂಢಿಯಾದವರ ಮಾತು. ಫೋನು ಬಂತು, ಲತೀಫ್. "ಹೆಂಗಿತ್ತು ದೇವಣ್ಣ? ಅಮ್ಮ ಖುಷಿ ಪಟ್ರಾ?" ಹೂಂ ಎಂದು ಇಟ್ಟ.

ನಿಸರ್ಗಾಗೆ ಮಾತ್ರ ನಾಟಕ ಅಷ್ಟು ಬರುತ್ತಿರಲಿಲ್ಲ. ಅವಳು ಅಮ್ಮನ ಮುಖವನ್ನೊಮ್ಮೆ ನೋಡಿ, ಅಜ್ಜಿಯ ಮುಖವನ್ನೊಮ್ಮೆ ನೋಡಿ, ಕಲಿಸಿಕೊಟ್ಟ ಪಾಠ ಒಪ್ಪಿಸುವ ಹಾಗೆ ಕೇಳಿದಳು: "ಅಜ್ಜಿ, ವಾಸ್ ಇಟ್ ಯುವರ್ ಫಸ್ಟ್ ಟೈಮ್?"

ಅವ್ವ ಸೊಸೆಯ ಕಡೆ ನೋಡಲಿಲ್ಲ, ಮಗನ ಕಡೆ ನೋಡಿದಳು.

"ಹೂಂ ಮಗಳೇ, ಮೊದಲನೇ ಸಲ" ಎಂದ ದೇವರಾಜು. "ನಾನು ಪಕ್ಕದಲ್ಲೇ ಇದ್ದೆ."

ಯಾರೂ ಇಲ್ಲವೆನ್ನಲಿಲ್ಲ.